ಸ್ವರದ ನೆತ್ತಿಯ ಚುಕ್ಕಿ

ಕರ್ನಾಟಕ ಸಂಗೀತದ ಕನ್ನಡ ಪುಸ್ತಕ ತೆರೆದರೆ ನನ್ನ ಕಣ್ಣು ಮೊದಲು ಚುಕ್ಕಿಗಳ ಕಡೆಗೇ ಹೋಗುತ್ತದೆ. ಸ್ವರದ ಮೇಲಿದ್ದರೆ ತಾರಸ್ಥಾಯಿ, ಕೆಳಗಿದ್ದರೆ ಮಂದ್ರ. ಅಲ್ಪವಿರಾಮ ಇಲ್ಲಿ ಒಂದು ಅಕ್ಷರಕಾಲದ ಎಳೆತ, ಅರ್ಧವಿರಾಮ ಎರಡರದು. ಮೇಲೆ ಅಡ್ಡಗೆರೆ ಬಂದರೆ ಸ್ವರದ ಕಾಲ ಅರ್ಧ. ಪಾಶ್ಚಾತ್ಯ ಸಂಗೀತದ ಐದು ಗೆರೆಗಳ ಪಟ್ಟಿ ಬೇಕಿಲ್ಲ, ಗದ್ಯದ ಸಾಲೇ ಸಾಕು. ಆದಿತಾಳದ ಸರಳೆ ಹೀಗೆ ಕೂರುತ್ತದೆ: ಸ ರಿ ಗ ಮ | ಪ ದ | ನಿ ಸ ||, ಕೊನೆಯ ‘ಸ’ದ ನೆತ್ತಿಗೆ ಚುಕ್ಕಿ. 1904ರಲ್ಲಿ ಸುಬ್ಬರಾಮ ದೀಕ್ಷಿತರು ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯಲ್ಲಿ ತೆಲುಗು ಲಿಪಿಯ ಸ್ವರಗಳಿಗೆ ಗಮಕದ ಗುರುತುಗಳನ್ನೂ ಹಚ್ಚಿದರು.

ಕಷ್ಟವೆಲ್ಲ ‘ರಿ’, ‘ನಿ’ಗಳಲ್ಲಿ. ಗುಡಿಸು ಆಗಲೇ ತಲೆಯೇರಿ ಕೂತಿದೆ. ಚುಕ್ಕಿಗೆ ಅದರ ಮೇಲೆ ಜಾಗ ಹುಡುಕಬೇಕು. ಕಂಪ್ಯೂಟರಿನಲ್ಲಿ ಎಷ್ಟೋ ಫಾಂಟ್‌ಗಳು ಆ ಚುಕ್ಕಿಯನ್ನು ಪಕ್ಕಕ್ಕೆ ತಳ್ಳಿಬಿಡುತ್ತವೆ. ಸಾಲಿನ ಅಂತರ ತುಸು ಹೆಚ್ಚಿಸಿ, ಚುಕ್ಕಿಯನ್ನು ನಡುನೆತ್ತಿಗೇ ನಿಲ್ಲಿಸಿ, ಸಾಹಿತ್ಯದ ಒಂದೊಂದು ಅಕ್ಷರವನ್ನೂ ಅದರದರ ಸ್ವರದ ಕೆಳಗೆ ನೇರ ಕೂರಿಸುವ ಪುಟವಿನ್ಯಾಸಕರ ಬಗ್ಗೆ ನನಗೆ ಅಪಾರ ಗೌರವ. ಬೂಕನಕೆರೆಯಲ್ಲೋ ಕೆ.ಆರ್. ಪೇಟೆಯಲ್ಲೋ ಸಂಗೀತದ ಜೂನಿಯರ್ ಪರೀಕ್ಷೆಗೆ ಕೂರುವ ಮಗುವಿಗೆ, ಪಾಠ ಮುಗಿಸಿ ಮೇಷ್ಟ್ರು ಹೋದ ಮೇಲೆ ಆ ಪುಟವೇ ಆಸರೆ. ಚುಕ್ಕಿ ಬಿಟ್ಟುಹೋದರೆ ಮಗು ಒಂದು ಸ್ಥಾಯಿ ಕೆಳಗೇ ಹಾಡಿಕೊಳ್ಳುತ್ತದೆ.