ಮೂಕಿಯ ಕೆಳಗಿನ ಕಲ್ಲು

ಬೆಳಿಗ್ಗೆ ಏಳರ ಹೊತ್ತಿಗೆ ತಲ್ಲೂರಿನಿಂದ ಹೆಮ್ಮಾಡಿಯ ಕಡೆಗೆ ಹೋಗುವಾಗ ಯಾರದಾದರೂ ಅಂಗಳದಂಚಿನಲ್ಲಿ ಟ್ರ್ಯಾಕ್ಟರಿಗೆ ಟ್ರೈಲರ್ ಹೂಡುವುದು ಕಂಡರೆ ಎರಡು ನಿಮಿಷ ನಿಂತು ನೋಡಬೇಕು. ಡ್ರೈವರ್ ಒಂದು ಕೈಯನ್ನು ಮಡ್‌ಗಾರ್ಡಿಗೆ ಊರಿ, ಮೈಯನ್ನು ಅರ್ಧ ಹಿಂದಕ್ಕೆ ತಿರುಗಿಸಿ ಕೂತಿರುತ್ತಾನೆ. ಕೆಳಗೆ ಇಬ್ಬರು ಟ್ರೈಲರಿನ ಮುಂದಕ್ಕೆ ಚಾಚಿದ ಮೂಕಿಯನ್ನು ಮೊಣಕಾಲಿನ ಮಟ್ಟಕ್ಕೆ ಎತ್ತಿ ಹಿಡಿದಿರುತ್ತಾರೆ. “ಬನಿ ಬನಿ... ಒಂಚೂರ್ ಎಡಕ್ಕೆ... ಬನಿ... ಸಾಕ್, ಸಾಕ್!” ಹೆಬ್ಬೆರಳಿಗಿಂತ ದಪ್ಪದ ಪಿನ್ನು ಮೇಲಿನಿಂದ ತೂತಿಗೆ ಬಿದ್ದ ‘ಠಣ್’ ಶಬ್ದ ಕೇಳುವಾಗ ಡ್ರೈವರ್ ಆಗಲೇ ಮುಂದಕ್ಕೆ ತಿರುಗಿರುತ್ತಾನೆ. ಕನ್ನಡಿಯಿಲ್ಲ, ಕ್ಯಾಮೆರಾವಿಲ್ಲ. ಎರಡು ಟನ್ ತೂಕದ ಯಂತ್ರವನ್ನು ಒಂದಿಂಚಿನ ತೂತಿಗೆ ಸರಿಯಾಗಿ ತಂದು ನಿಲ್ಲಿಸುವುದಕ್ಕೆ ಒಂದು ದನಿ ಸಾಕು.

ಇದನ್ನು ಕಸುಬೆಂದು ಒಪ್ಪಿಕೊಂಡು ಅಳೆಯಲು ಹೊರಟರೆ ಹೂಡುವ ಭಾಗಕ್ಕೆ ನಾನು ಧಾರಾಳವಾಗಿಯೇ ಅಂಕ ಕೊಡುತ್ತೇನೆ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಅಂಗಳಗಳು ಸಣ್ಣವು. ಒಂದು ಬದಿಗೆ ತೆಂಗಿನ ಕಟ್ಟೆ, ಇನ್ನೊಂದು ಬದಿಗೆ ಹಟ್ಟಿ, ನಡುವೆ ತುಳಸಿಕಟ್ಟೆ. ಇಷ್ಟು ಜಾಗದಲ್ಲಿ ಅಡ್ಡಾದಿಡ್ಡಿಯಾಗಿ ಬಂದು ಆಮೇಲೆ ಸರಿಪಡಿಸಿಕೊಳ್ಳಲು ಆಸ್ಪದವೇ ಇಲ್ಲ. ಆದ್ದರಿಂದ ನಮ್ಮ ಡ್ರೈವರುಗಳು ದೂರದಿಂದಲೇ ಟ್ರೈಲರಿನ ಗೆರೆಗೆ ಟ್ರ್ಯಾಕ್ಟರಿನ ಗೆರೆ ಸೇರಿಸಿಕೊಂಡು ನೆಟ್ಟಗೆ ಹಿಂದೆ ಬರುತ್ತಾರೆ. ಕೊನೆಯ ಎರಡಡಿಯಲ್ಲಿ ಸ್ಟಿಯರಿಂಗ್ ತಿರುಗಿಸುವವನಿಗೆ ಇನ್ನೂ ಕೈ ಕುದುರಿಲ್ಲ ಎಂದೇ ಅರ್ಥ.

ಅಂಕ ಕಳೆಯುವುದು ಕೆಳಗೆ ನಿಂತವರ ಲೆಕ್ಕದಲ್ಲಿ. ಟ್ರ್ಯಾಕ್ಟರಿಗೂ ಟ್ರೈಲರಿಗೂ ನಡುವೆ ನಿಂತು ಮೂಕಿ ಹಿಡಿಯುವುದು ಇಲ್ಲಿ ಎಷ್ಟು ವಾಡಿಕೆಯೆಂದರೆ, ಪಕ್ಕಕ್ಕೆ ನಿಲ್ಲು ಎಂದರೆ ಹೆದರುಪುಕ್ಕಲ ಎಂದಾರು. ತೂತಿಗೆ ತೂತು ಕೂಡಿತೋ ಎಂದು ಬೆರಳು ಹಾಕಿ ನೋಡುವವರಿದ್ದಾರೆ. ಕ್ಲಚ್ಚಿನಿಂದ ಕಾಲು ಅರ್ಧ ಇಂಚು ಜಾರಿದರೆ ಆ ಬೆರಳಿನ ಕತೆ ಮುಗಿಯಿತು. ಮೂಕಿಯನ್ನು ಕೈಯಲ್ಲಿ ಹಿಡಿಯಬೇಕಾದ ಅಗತ್ಯವೇ ಇಲ್ಲ. ಅದನ್ನು ಸರಿಯಾದ ಎತ್ತರಕ್ಕೆ ಹಿಡಿದಿಡಲೆಂದೇ ಟ್ರೈಲರಿಗೆ ಒಂದು ಸ್ಟ್ಯಾಂಡೋ ಜಾಕೋ ಇರಬೇಕು. ಇದ್ದದ್ದೂ ನಮ್ಮ ಉಪ್ಪುಗಾಳಿಗೆ ಎರಡು ಮಳೆಗಾಲದಲ್ಲಿ ತುಕ್ಕು ಹಿಡಿದು ಸಿಕ್ಕಿಕೊಳ್ಳುತ್ತದೆ. ಯಾರೂ ಗ್ರೀಸ್ ಹಾಕುವುದಿಲ್ಲ. ಮೂರನೆಯ ವರ್ಷ ಅದರ ಜಾಗಕ್ಕೆ ಮುರಕಲ್ಲು ಬರುತ್ತದೆ.

ಪಿನ್ನಿನ ವಿಷಯ ಇನ್ನೂ ಕೆಟ್ಟದ್ದು. ಕಂಪನಿಯ ಪಿನ್ನು ಕಳೆದುಹೋದರೆ ಮನೆ ಕಟ್ಟಿದಾಗ ಉಳಿದ ಸರಳಿನ ತುಂಡು ಬರುತ್ತದೆ. ಪಿನ್ನು ಮೇಲೆ ಹಾರದಂತೆ ಅದರ ತುದಿಗೆ ಹಾಕುವ ಲಾಕ್ ಪಿನ್ ಇರಬೇಕಾದಲ್ಲಿ ಬೈಂಡಿಂಗ್ ವಯರ್, ಇಲ್ಲವೇ ಬಗ್ಗಿಸಿದ ಮೊಳೆ. ಸರಳು ಗಟ್ಟಿಯಲ್ಲವೇ ಎಂದು ಕೇಳುತ್ತಾರೆ. ಗಟ್ಟಿಯೇ. ಆದರೆ ತೂತಿಗಿಂತ ಸಪೂರ. ಪ್ರತಿ ಗುಂಡಿಗೂ ಒಳಗೆ ಬಡಿದು ಬಡಿದು ತೂತನ್ನು ಮೊಟ್ಟೆಯಾಕಾರಕ್ಕೆ ತರುತ್ತದೆ. ಆಮೇಲೆ ಒಳ್ಳೆಯ ಪಿನ್ನು ತಂದು ಹಾಕಿದರೂ ಅದು ಕುಣಿಯುತ್ತದೆ. ಬಂಡಿಯ ಕಡೆಗೀಲನ್ನು ಜೇಡರ ದಾಸಿಮಯ್ಯ ತನ್ನೊಂದು ವಚನದ ರೂಪಕವನ್ನಾಗಿಸಿಕೊಂಡಿದ್ದಾನೆ. ಇಡೀ ಬಂಡಿ ಒಂದು ಸಣ್ಣ ಕೀಲಿನ ಮೇಲೆ ನಿಂತಿದೆ ಎನ್ನುವುದು ಅಷ್ಟು ಹಿಂದೆಯೇ ಎಲ್ಲರಿಗೂ ತಿಳಿದ ಮಾತಾಗಿತ್ತು. ಟ್ರ್ಯಾಕ್ಟರ್ ಬಂದ ಮೇಲೆ ಅದು ಮರೆತದ್ದೇಕೆ ಎಂಬುದು ನನ್ನ ಪ್ರಶ್ನೆ. ಅದಕ್ಕೆ ಉತ್ತರವನ್ನು ಬಿಚ್ಚುವ ಹೊತ್ತಿನಲ್ಲಿ ಹುಡುಕಬೇಕು.

ಎತ್ತಿನಗಾಡಿಯವನು ಗಾಡಿ ಬಿಚ್ಚುವಾಗ ಮೊದಲು ಎತ್ತಿನ ಕೊರಳಿಗೆ ಕೈ ಹಾಕುತ್ತಿರಲಿಲ್ಲ. ಗಾಲಿಗೆ ಅಡೆ ಇಟ್ಟು, ಮೂಕಿಗೆ ಊರುಗೋಲು ಕೊಟ್ಟು, ಆಮೇಲೆ ಕಣ್ಣಿ ಬಿಚ್ಚುತ್ತಿದ್ದ. ಭಾರ ಹೇರುವಾಗಲೇ ಮುಂಭಾರ ಹಿಂಭಾರ ನೋಡಿರುತ್ತಿದ್ದ. ನೋಡದೆ ಬೇರೆ ದಾರಿಯಿರಲಿಲ್ಲ. ಮುಂಭಾರವಾದರೆ ನೊಗ ಎತ್ತಿನ ಹೆಗಲನ್ನು ತಿನ್ನುತ್ತಿತ್ತು, ಹಿಂಭಾರವಾದರೆ ನೊಗ ಮೇಲೆದ್ದು ಕಣ್ಣಿ ಕೊರಳನ್ನು ಬಿಗಿಯುತ್ತಿತ್ತು. ಎರಡರಲ್ಲಿ ಯಾವುದಾದರೂ ಎತ್ತು ನಾಲ್ಕು ಹೆಜ್ಜೆಯಲ್ಲೇ ಹೇಳಿಬಿಡುತ್ತಿತ್ತು. ತಕ್ಕಡಿ ಜೀವಂತವಾಗಿತ್ತು.

ಟ್ರ್ಯಾಕ್ಟರ್ ಹಾಗೆ ಹೇಳುವುದಿಲ್ಲ. ಲೆಕ್ಕ ಹಾಕಿ ನೋಡಿ. ಒಂದು ಮುರಕಲ್ಲು ಸುಮಾರು 30 ಕಿಲೋ ಎಂದಿಟ್ಟುಕೊಳ್ಳೋಣ. ನೂರು ಕಲ್ಲು ಹೇರಿದರೆ ಮೂರು ಟನ್. ಎರಡು ಗಾಲಿಯ ಟ್ರೈಲರಿನಲ್ಲಿ ಅಚ್ಚಿಗಿಂತ ಮೂರಡಿ ಮುಂದಿದ್ದ 20 ಕಲ್ಲನ್ನು ಅಚ್ಚಿಗಿಂತ ಮೂರಡಿ ಹಿಂದೆ ಒಟ್ಟಿದರೆ, ಪಿನ್ನಿನಿಂದ ಅಚ್ಚಿಗೆ ಒಂಬತ್ತು ಅಡಿ ಇರುವಲ್ಲಿ ಕೊಕ್ಕೆಯ ಮೇಲಿನ ಭಾರ 400 ಕಿಲೋ ಇಳಿಯುತ್ತದೆ. ಹೇರಿದ ಒಟ್ಟು ಭಾರ ಅಷ್ಟೇ ಇದೆ, ಹೊರಗಿನಿಂದ ನೋಡಿದರೆ ಏನೂ ಬದಲಾಗಿಲ್ಲ. ಇಪ್ಪತ್ತು ಕಲ್ಲು ಆರಡಿ ಜರುಗಿವೆ, ಅಷ್ಟೆ. ಟ್ರ್ಯಾಕ್ಟರ್ ಇದನ್ನು ಗೊಣಗದೆ ನುಂಗಿಕೊಂಡು ಹೋಗುತ್ತದೆ. ಹೆಚ್ಚೆಂದರೆ ಏರಿನಲ್ಲಿ ಹಿಂಗಾಲಿ ಒಮ್ಮೆ ಜಾರೀತು. ಡ್ರೈವರ್ ಅದನ್ನು ಮಳೆಯ ಮೇಲೆ ಹಾಕುತ್ತಾನೆ. ದಾರಿಯುದ್ದಕ್ಕೂ ಮುಚ್ಚಿಟ್ಟ ಸಾಲ ಪಿನ್ನು ಎಳೆದ ಕ್ಷಣದಲ್ಲಿ ಒಮ್ಮೆಲೇ ವಸೂಲಾಗುತ್ತದೆ. ಮುಂಭಾರವಿದ್ದರೆ ಮೂಕಿ ಕಾಲಿನ ಮೇಲೆ, ಹಿಂಭಾರವಿದ್ದರೆ ಗದ್ದಕ್ಕೆ. ಆದ್ದರಿಂದ ಹೂಡುವುದಕ್ಕಿಂತ ಬಿಚ್ಚುವುದಕ್ಕೇ ಹೆಚ್ಚು ವಿದ್ಯೆ ಬೇಕು ಎಂಬುದು ನನ್ನ ವಾದ. ನಮ್ಮಲ್ಲಿ ನಡೆಯುವುದು ನೇರ ಉಲ್ಟಾ. ಹೂಡಲು ಮೂವರು, ಬಿಚ್ಚಲು ಒಬ್ಬ, ಅವನೂ ಊಟಕ್ಕೆ ಹೊತ್ತಾಯಿತೆಂಬ ಅವಸರದಲ್ಲಿ.

ನಮ್ಮ ಮನೆಯಲ್ಲೇ ಒಮ್ಮೆ ಆದದ್ದು. ಟ್ರ್ಯಾಕ್ಟರಿಗೆ ಬೇರೆ ಕಡೆ ಕೆಲಸವಿತ್ತು. ನೀವು ತುಂಬಿಸಿಡಿ, ಬಂದು ಎಳೆದುಕೊಂಡು ಹೋಗುತ್ತೇನೆ ಎಂದು ಡ್ರೈವರ್ ಟ್ರೈಲರನ್ನು ಗೊಬ್ಬರಗುಂಡಿಯ ಪಕ್ಕ ಬಿಚ್ಚಿಟ್ಟು ಹೋದ. ಮೂಕಿಯ ಕೆಳಗೆ ಕಲ್ಲು ಇತ್ತು, ಗಾಲಿಗೂ ಕಲ್ಲು ಇತ್ತು. ನೋಡಿದರೆ ಎಲ್ಲ ಸರಿಯಾಗಿತ್ತು. ಹಿಂದಿನ ಬಾಗಿಲು ಇಳಿಸಿ ಹೆಂಗಸರು ಹೆಡಿಗೆಯಲ್ಲಿ ಹೊತ್ತು ತಂದು ಅಲ್ಲೇ, ಹಿಂದೆಯೇ ಸುರಿದರು. ಮುಂದಕ್ಕೆ ಜರುಗಿಸಲೆಂದು ಒಬ್ಬ ಹುಡುಗ ಹಾರೆ ಹಿಡಿದು ಹಿಂದಿನಿಂದ ಹತ್ತಿದ. ಮೂಕಿ ಕಲ್ಲು ಬಿಟ್ಟು ನಿಧಾನವಾಗಿ, ಬಹಳ ಗಾಂಭೀರ್ಯದಿಂದ ಆಕಾಶಕ್ಕೆ ಎದ್ದಿತು. ಹುಡುಗ ಗೊಬ್ಬರದೊಡನೆ ಗುಂಡಿಗೇ ವಾಪಸಾದ. ಯಾರಿಗೂ ಪೆಟ್ಟಾಗಲಿಲ್ಲವಾದ್ದರಿಂದ ಅದು ನಮ್ಮಲ್ಲಿ ಇವತ್ತಿಗೂ ತಮಾಷೆಯ ಕತೆ. ಕೆಳಗಿನ ಕಲ್ಲು ಮೂಕಿ ಬೀಳದಂತೆ ತಡೆಯುತ್ತದೆ, ಏಳದಂತೆ ತಡೆಯುವುದಿಲ್ಲ ಎಂಬುದು ಮಾತ್ರ ಯಾರ ತಲೆಗೂ ಹೋಗಲಿಲ್ಲ. ಮುಂದಿನ ವರ್ಷವೂ ಹಾಗೆಯೇ ಬಿಚ್ಚಿಟ್ಟರು. ನನ್ನ ತಲೆಗೂ ಅದು ಹೋದದ್ದು ಬಹಳ ತಡವಾಗಿ.

ಟಿಪ್ಪರ್ ಟ್ರೈಲರಾದರೆ ಹೈಡ್ರಾಲಿಕ್ ಪೈಪಿನ ಕಾಟ ಬೇರೆ. ಒಳಗೆ ಒತ್ತಡ ಉಳಿದಿದ್ದರೆ ಪೈಪು ಮತ್ತೆ ಕೂರುವುದಿಲ್ಲ. ಆಗ ಮೊಳೆಯಿಟ್ಟು ಕುಟ್ಟಿ ಎಣ್ಣೆ ಚಿಮ್ಮಿಸುವುದು ಊರ ಪದ್ಧತಿ. ಬಿಚ್ಚುವ ಮೊದಲೇ ತೊಟ್ಟಿಯನ್ನು ಪೂರ್ತಿ ಇಳಿಸಿ, ಇಂಜಿನ್ ನಿಲ್ಲಿಸಿ, ಲಿವರನ್ನು ಎರಡು ಸಲ ಹಿಂದೆ ಮುಂದೆ ಆಡಿಸಿದ್ದರೆ ಮೊಳೆಯೇ ಬೇಕಿರಲಿಲ್ಲ.

ಟಿಲ್ಲರಿನ ಬಗ್ಗೆ ಹೇಳದಿದ್ದರೆ ಈ ಊರಿನ ಮಾತು ಪೂರ್ತಿಯಾಗದು. ಟಿಲ್ಲರ್ ಮಾಡುವ ಬೆಂಗಳೂರಿನ ವಿಎಸ್‌ಟಿ ಕಂಪನಿ 1967ರಲ್ಲಿ ಜಪಾನಿನ ಮಿತ್ಸುಬಿಷಿಯ ಜೊತೆಗೂಡಿ ಶುರುವಾದದ್ದು. ಕರಾವಳಿಯ ಕಿರುಗದ್ದೆಗಳಿಗೆ ಹೇಳಿ ಮಾಡಿಸಿದಂಥ ಯಂತ್ರ ಈ ಟಿಲ್ಲರ್. ಹಿಂದಿನ ರೋಟರಿ ಕಳಚಿ ಟ್ರೈಲರ್ ಹೂಡಿದರೆ ಅದೇ ಗಾಡಿಯೂ ಹೌದು. ಆದರೆ ಎತ್ತರದ ಹಕ್ಲಿನಿಂದ ಕೆಳಗಿನ ಬೈಲಿಗೆ ಇಳಿಯುವಾಗ ಅದು ಸ್ವಭಾವ ಬದಲಿಸುತ್ತದೆ. ಸಮನೆಲದಲ್ಲಿ ಎಡಗೈಯ ಕ್ಲಚ್ ಒತ್ತಿದರೆ ಎಡಗಾಲಿಗೆ ಶಕ್ತಿ ತಪ್ಪಿ ಬಂಡಿ ಎಡಕ್ಕೆ ತಿರುಗುತ್ತದೆ. ಇಳಿಜಾರಿನಲ್ಲಿ ಟ್ರೈಲರೇ ಹಿಂದಿನಿಂದ ದೂಡುತ್ತಿರುವುದರಿಂದ, ಇಂಜಿನ್ ಎರಡೂ ಗಾಲಿಗಳನ್ನು ತಡೆದು ಹಿಡಿದಿರುತ್ತದೆ. ಆಗ ಎಡ ಕ್ಲಚ್ ಒತ್ತಿದರೆ ಎಡಗಾಲಿ ಸಡಿಲವಾಗಿ ಓಡಿ, ಬಂಡಿ ಬಲಕ್ಕೆ ನುಗ್ಗುತ್ತದೆ. ಹಳೆಯ ಟಿಲ್ಲರಿನವರು ಇಳಿಜಾರಿನಲ್ಲಿ ಕ್ಲಚ್ ಮುಟ್ಟದೆ ಹ್ಯಾಂಡಲನ್ನೇ ದೂಡಿ ತಿರುಗಿಸುತ್ತಾರೆ, ಟ್ರೈಲರಿನ ಕಾಲುಬ್ರೇಕಿನ ಮೇಲೆ ಪಾದ ಇಟ್ಟಿರುತ್ತಾರೆ. ನಮ್ಮ ಇಡೀ ಪದ್ಧತಿಯಲ್ಲಿ ನಾನು ತಲೆಬಾಗುವ ಜ್ಞಾನ ಇದು. ದುಃಖವೆಂದರೆ ಯಾರೂ ಇದನ್ನು ಬಾಯಿಬಿಟ್ಟು ಕಲಿಸುವುದಿಲ್ಲ. ಹೊಸಬ ಒಮ್ಮೆ ತೋಡಿಗೆ ಇಳಿದೇ ಕಲಿಯುತ್ತಾನೆ.

ಕಾನೂನಿನ ಮಾತು ಚಿಕ್ಕದು. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಟ್ರ್ಯಾಕ್ಟರ್ ಬೇರೆ, ಟ್ರೈಲರ್ ಬೇರೆ, ಎರಡಕ್ಕೂ ಬೇರೆ ಬೇರೆ ನಂಬರು. ಟ್ರೈಲರ್ ಹೂಡಿ ಸಾಮಾನು ಹೇರಿದ ಮಾತ್ರಕ್ಕೆ ಚಾಲಕನ ಟ್ರ್ಯಾಕ್ಟರ್ ಲೈಸೆನ್ಸ್ ಕೆಲಸಕ್ಕೆ ಬಾರದ್ದಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2001ರಲ್ಲಿ ಹೇಳಿತು. ಅದೂ ಕರ್ನಾಟಕದಿಂದಲೇ ಹೋದ ನಾಗಶೆಟ್ಟಿ ಪ್ರಕರಣದಲ್ಲಿ. ಲೈಸೆನ್ಸಿನ ಚಿಂತೆ ಹೀಗೆ ಕಳೆಯಿತು, ಬೆಳಕಿನದ್ದು ಉಳಿಯಿತು. ಹಿಂದಿನ ಕೆಂಪು ದೀಪದ ವಯರನ್ನು ಹೂಡುವಾಗ ಸಿಕ್ಕಿಸುವವರು ಹತ್ತರಲ್ಲಿ ಒಬ್ಬರಿದ್ದರೆ ಹೆಚ್ಚು. ಮರವಂತೆಯಲ್ಲಿ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕೆ, ನಡುವೆ ಹೆದ್ದಾರಿ 66. ಅಲ್ಲಿ ಮುಸ್ಸಂಜೆಯ ಮಳೆಯಲ್ಲಿ ದೀಪವಿಲ್ಲದ ಟ್ರೈಲರಿನ ಹಿಂದೆ ಕಾರಿನಲ್ಲಿ ಬರುವಾಗ ನಾನೂ ದೇವರನ್ನು ನೆನೆದಿದ್ದೇನೆ.

ನಾವು ಕೈಬಿಟ್ಟ ಎಚ್ಚರವನ್ನು ಬೇರೆಯವರು ಬಿಟ್ಟಿಲ್ಲ. ನಮ್ಮ ಇದೇ ಊರುಗಳ ಮೂಲಕ ಕೊಂಕಣ ರೈಲು ಹಾದುಹೋಗುತ್ತದೆ. ತುಂಬಿದ ಲಾರಿಗಳನ್ನೇ ಹೊತ್ತು ಸಾಗುವ ಅದರ ರೋ-ರೋ ರೈಲು 1999ರಿಂದ ಓಡುತ್ತಿದೆ. ಬೈಂದೂರು, ಕುಂದಾಪುರ, ಬಾರ್ಕೂರು ಸ್ಟೇಷನ್ ದಾಟಿ ಸುರತ್ಕಲ್‌ಗೆ ಹೋಗುವ ಆ ಲಾರಿಗಳ ಗಾಲಿಗೆ ಅಡೆ ಕೊಡದೆ ಗಾಡಿ ಹೊರಡುವುದಿಲ್ಲ. ಪ್ರವಾಸದ ಮನೆಯನ್ನೇ ಕಾರಿನ ಹಿಂದೆ ಕಟ್ಟಿಕೊಂಡು ತಿರುಗುವ ಅಮೆರಿಕದವರು ಟ್ರೈಲರಿನ ಒಟ್ಟು ತೂಕದ ನೂರಕ್ಕೆ 10ರಿಂದ 15 ಪಾಲು ಮೂಕಿಯ ಮೇಲೆ ಬೀಳಬೇಕು ಎಂಬ ಲೆಕ್ಕ ಇಟ್ಟುಕೊಳ್ಳುತ್ತಾರೆ. ಕೊಕ್ಕೆ ಕಳಚಿದರೂ ಮೂಕಿ ನೆಲಕ್ಕೆ ತಾಗದಿರಲೆಂದು ಕೆಳಗಿನಿಂದ ಎರಡು ಸರಪಳಿಗಳನ್ನು ಕತ್ತರಿಯಂತೆ ಅಡ್ಡಹಾಕುತ್ತಾರೆ. ಇದು ಶ್ರೀಮಂತಿಕೆಯ ಮಾತಲ್ಲ. ನಾಲ್ಕು ಮಾರು ಸರಪಳಿಗೆ ಕುಂದಾಪುರದ ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಒಂದು ಹಗಲಿನ ಡೀಸೆಲಿನಷ್ಟೂ ದುಡ್ಡಾಗದು. ನಮಗೆ ತಪ್ಪಿಹೋದದ್ದು ಎತ್ತು. ಅದು ಹೇಳುತ್ತಿದ್ದ ಮಾತನ್ನು ಬೇರೆ ಯಾವುದರಿಂದ ಕೇಳಿಸಿಕೊಳ್ಳಬೇಕೆಂದು ನಾವು ಇನ್ನೂ ಗೊತ್ತುಮಾಡಿಕೊಂಡಿಲ್ಲ.

ಜೂನಿನ ಮೊದಲ ಮಳೆ ಬಿದ್ದಾಗ ಟ್ರ್ಯಾಕ್ಟರಿಗೆ ಕೇಜ್ ವೀಲ್ ಏರುತ್ತದೆ, ಕಾರ್ತಿ ಬೆಳೆಗೆ ಗದ್ದೆ ಹದ ಮಾಡಬೇಕು. ಟ್ರೈಲರನ್ನು ಹಾಡಿಯ ಅಂಚಿಗೆ ಎಳೆದು, ಮೂಕಿಯ ಕೆಳಗೆ ಒಂದು ಮುರಕಲ್ಲು ಕೊಟ್ಟು ಬಿಚ್ಚಿಬಿಡುತ್ತಾರೆ. ಅಕ್ಟೋಬರಿನಲ್ಲಿ ಕೊಯ್ಲು ಮುಗಿದು ಬೈಹುಲ್ಲು ತರಲು ಹೋಗಿ ನೋಡಿದರೆ ಕಲ್ಲು ಕೆಸರಿನಲ್ಲಿ ಹೂತುಹೋಗಿರುತ್ತದೆ, ಮೂಕಿಯ ಮೇಲೆ ಬಳ್ಳಿ ಹಬ್ಬಿರುತ್ತದೆ, ಪಿನ್ನು ಎಲ್ಲಿಟ್ಟೆವೆಂದು ಯಾರಿಗೂ ನೆನಪಿರುವುದಿಲ್ಲ. ಇಬ್ಬರು ಎತ್ತಿದರೆ ಏಳದು. ಪಕ್ಕದ ಮನೆಯ ಅಣ್ಣನನ್ನು ಕರೆಯುತ್ತಾರೆ. ಅಟ್ಟದಿಂದ ಒಂದು ಸರಳಿನ ತುಂಡು ಬರುತ್ತದೆ. “ಹ್ವಾಯ್, ಬನಿ ಬನಿ... ಒಂಚೂರ್ ಎಡಕ್ಕೆ...”