ಐದು ಮಿಲಿಮೀಟರಿನ ಗೆರೆ

ಶ್ವಾಸಕೋಶದ ಅಡಿನೋಕಾರ್ಸಿನೋಮದ ಸ್ಲೈಡ್ ಮುಂದಿಟ್ಟುಕೊಂಡ ಪೆಥಾಲಜಿಸ್ಟಿಗೆ ಕ್ಯಾನ್ಸರ್ ಹೌದೋ ಅಲ್ಲವೋ ಎಂಬುದು ಅಂಥ ಕಷ್ಟದ ಪ್ರಶ್ನೆಯೇನಲ್ಲ. ಕಾಡುವುದು ಅದರ ನಂತರದ್ದು: ಒಳಕ್ಕೆ ನುಗ್ಗಿದೆಯೇ, ನುಗ್ಗಿದ್ದರೆ ಎಷ್ಟು ಮಿಲಿಮೀಟರ್? 2011ರ ಅಂತರರಾಷ್ಟ್ರೀಯ ವರ್ಗೀಕರಣ ಇಡೀ ಭಾರವನ್ನು ಈ ಪ್ರಶ್ನೆಯ ಮೇಲೆ ಹೊರಿಸಿತು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನೇ ಒಪ್ಪಿತು. ಗೆಡ್ಡೆ 3 ಸೆಂ.ಮೀ. ಮೀರದೆ, ಕೋಶಗಳು ಗಾಳಿಗೂಡಿನ ಗೋಡೆಗುಂಟ ಮಾತ್ರ ಹಬ್ಬಿದ್ದರೆ 'ಇನ್ ಸಿಟು'. 5 ಮಿ.ಮೀ.ವರೆಗೆ ನುಗ್ಗಿದ್ದರೆ 'ಮಿನಿಮಲಿ ಇನ್ವೇಸಿವ್'. ಅದನ್ನು ದಾಟಿತೋ, ಇನ್ವೇಸಿವ್.

ಇದರಿಂದ ಆದ ಉಪಕಾರ ಸಣ್ಣದಲ್ಲ. ಹಿಂದೆ 'ಬ್ರಾಂಕಿಯೋಲೋ-ಆಲ್ವಿಯೋಲಾರ್ ಕಾರ್ಸಿನೋಮ' ಎಂಬ ಒಂದೇ ಹೆಸರಿನಡಿ, ಕತ್ತರಿಸಿ ತೆಗೆದರೆ ಗುಣವಾಗುವ ಪುಟ್ಟ ಗೆಡ್ಡೆಯೂ ಇರುತ್ತಿತ್ತು, ಎರಡೂ ಶ್ವಾಸಕೋಶಗಳಿಗೆ ಹರಡುವ ರೋಗವೂ ಇರುತ್ತಿತ್ತು. ಗೋಡೆಗುಂಟ ಮಾತ್ರ ಬೆಳೆದ ಸಣ್ಣ ಗೆಡ್ಡೆಯವರು ಶಸ್ತ್ರಚಿಕಿತ್ಸೆಯಾಗಿ ಐದು ವರ್ಷದ ನಂತರವೂ ಬದುಕಿರುತ್ತಾರೆಂದು ಜಪಾನಿನ ನೊಗುಚಿ ತಂಡ 1995ರಲ್ಲೇ ತೋರಿಸಿತ್ತು. ಆ ಕಲಸುಮೇಲೋಗರದ ಹೆಸರನ್ನು ಕೈಬಿಟ್ಟದ್ದು ಒಳ್ಳೆಯದೇ ಆಯಿತು.

ನನ್ನ ತಕರಾರು ಅಳತೆಯ ಬಗ್ಗೆ. ಶ್ವಾಸಕೋಶ ಗಾಳಿ ತುಂಬಿದ ಅಂಗ. ಹೊರತೆಗೆದೊಡನೆ ಗಾಳಿ ಹೋಗಿ, ಮಡಚಿಟ್ಟ ಆಕಾಶಬುಟ್ಟಿಯಂತೆ ಎದುರುಬದುರು ಗೋಡೆಗಳು ಒಂದಕ್ಕೊಂದು ಅಂಟುತ್ತವೆ. ಗೋಡೆಗುಂಟ ಸಾಲಾಗಿ ಕೂತಿದ್ದ ಕೋಶಗಳು ಆಗ ಗ್ರಂಥಿಗಳಂತೆ ಕಾಣತೊಡಗುತ್ತವೆ.

"ಮೇಡಂ, ಇಲ್ಲಿ ಗ್ಲ್ಯಾಂಡ್ ಆಗಿದೆಯಲ್ಲಾ, ಇನ್ವೇಷನ್ ಅಂತ ಬರೀಲಾ?" ಎಂದಳು ನಮ್ಮ ಪಿ.ಜಿ. ಹುಡುಗಿ.

"ತಡಿಯಮ್ಮಾ, ಎಲಾಸ್ಟಿಕ್ ಸ್ಟೇನ್ ಬರಲಿ."

ಮಾರನೆಯ ದಿನ ಬಂತು. ಅವಳು ತೋರಿಸಿದ ಜಾಗದಲ್ಲಿ ಸ್ಥಿತಿಸ್ಥಾಪಕ ನಾರಿನ ಕಪ್ಪು ಗೆರೆಗಳು ಸುಕ್ಕಾಗಿದ್ದವು, ಎಲ್ಲೂ ತುಂಡಾಗಿರಲಿಲ್ಲ. ಅಲ್ಲಿಗೆ ಅದು ಬರೀ ಕುಸಿತ. ತುಸು ಆಚೆ ಗೆರೆಗಳು ಮುರಿದು, ಫೈಬ್ರೋಬ್ಲಾಸ್ಟುಗಳ ಗುಂಪಿನ ನಡುವೆ ಅಂಕುಡೊಂಕಾದ ಕೋಶಗಳು ಸಿಕ್ಕಿಕೊಂಡಿದ್ದವು. ಇದು ನುಗ್ಗಿದ್ದೇ. ಪೆನ್ನಿನಿಂದ ಸ್ಲೈಡಿನ ಮೇಲೆ ಎರಡು ಚುಕ್ಕೆ ಇಟ್ಟೆವು. ಚುಕ್ಕೆ ಎಲ್ಲಿ ಬೀಳಬೇಕೆಂಬುದಕ್ಕೇ ಹತ್ತು ನಿಮಿಷ ವಾದ. ಎಲಾಸ್ಟಿಕ್ ಸ್ಟೇನ್ ಕೂಡ ಬ್ರಹ್ಮಲಿಪಿಯಲ್ಲ. ಎಷ್ಟೋ ಸಲ ಅದೂ ಎರಡು ನಾಲಿಗೆಯಲ್ಲಿ ಮಾತಾಡುತ್ತದೆ.

ವಾದ ನಮ್ಮಿಬ್ಬರದ್ದಷ್ಟೇ ಅಲ್ಲ. 2012ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವೊಂದರಲ್ಲಿ 26 ಮಂದಿ ಪೆಥಾಲಜಿಸ್ಟರು ಒಂದೇ ಚಿತ್ರಗಳನ್ನು ನೋಡಿದರು. ಇನ್ವೇಷನ್ ಇದೆಯೋ ಇಲ್ಲವೋ ಎಂಬುದರಲ್ಲಿ ಅವರ ಸಹಮತದ ಕಪ್ಪಾ ಅಂಕ ಸರಳ ಚಿತ್ರಗಳಿಗೆ 0.55, ಕಷ್ಟದವಕ್ಕೆ 0.08. ಪೂರ್ಣ ಒಮ್ಮತಕ್ಕೆ 1. ನಾಣ್ಯ ಚಿಮ್ಮಿದಂತಾದರೆ 0.

ನುಗ್ಗಿದ ಜಾಗಗಳು ಹಲವಿದ್ದರಂತೂ ಸ್ಕೇಲ್ ಇಟ್ಟು ಪ್ರಯೋಜನವಿಲ್ಲ. ಇನ್ವೇಷನ್ನಿನ ಶೇಕಡಾವಾರನ್ನು ಕಣ್ಣಂದಾಜಿನಲ್ಲಿ, ಐದೈದರ ಮೆಟ್ಟಿಲಲ್ಲಿ ಹೇಳಿ, ಒಟ್ಟು ಗಾತ್ರದಿಂದ ಗುಣಿಸುವುದು ರೂಢಿ. 2 ಸೆಂ.ಮೀ. ಗೆಡ್ಡೆಯಲ್ಲಿ ಶೇ. 25 ಎಂದರೆ 5 ಮಿ.ಮೀ., ಮಿನಿಮಲಿ ಇನ್ವೇಸಿವ್. ಶೇ. 30 ಎಂದರೆ 6 ಮಿ.ಮೀ., ಹೆಸರೇ ಬೇರೆ. ಒಂದೇ ಮೆಟ್ಟಿಲಿನ ವ್ಯತ್ಯಾಸ! ಕ್ಯಾನ್ಸರಿನ ಹಂತ ಗೊತ್ತುಮಾಡುವ ಟಿಎನ್‌ಎಂ ಪದ್ಧತಿಯ ಎಂಟನೆಯ ಆವೃತ್ತಿ ಇದೇ ಸಂಖ್ಯೆಯ ಮೇಲೆ ಗೆಡ್ಡೆಯ ಟಿ ಹಂತವನ್ನೂ ನಿಲ್ಲಿಸಿತು. ಕಣ್ಣಿನಿಂದ ಇಷ್ಟು ನಿಖರತೆ ಬೇಡುವುದು ನನಗೆ ಅತಿಯಾಸೆಯಾಗಿಯೇ ಕಾಣುತ್ತದೆ.

ಹಾಗಂತ ಗೆರೆಯನ್ನೇ ಅಳಿಸಬೇಕಿಲ್ಲ. ಅದನ್ನು ಎಳೆದ ಕೈ ಎಲ್ಲಿ ನಡುಗಿತೆಂದು ರಿಪೋರ್ಟಿನಲ್ಲಿ ಕಾಣಬೇಕು, ಅಷ್ಟೆ. ಅಂದು ನಾವು ಬರೆದದ್ದು: ಒಟ್ಟು 18 ಮಿ.ಮೀ., ನುಗ್ಗಿದ ಭಾಗ 4 ಮಿ.ಮೀ.; ಪಕ್ಕದ 3 ಮಿ.ಮೀ. ಜಾಗ ಕುಸಿತವೆಂದು ಕಂಡದ್ದರಿಂದ ಲೆಕ್ಕಕ್ಕೆ ಹಿಡಿದಿಲ್ಲ. ಸಂಜೆ ಸರ್ಜನ್ ಫೋನ್ ಮಾಡಿದರು. "ಇದನ್ನೆಲ್ಲ ಯಾಕೆ ಬರೆದಿರಿ ಮೇಡಂ, ಹೆಸರೊಂದು ಸಾಕಿತ್ತಲ್ಲ?"