ಕ್ಲೋಸ್ಟರ್‌ನಾಯ್‌ಬುರ್ಗಿನ ಮೀನಾ ಫಲಕಗಳು: ಒಂದು ವಿಮರ್ಶೆ

ಮಧ್ಯಯುಗದ ಐರೋಪ್ಯ ಲೋಹಕಲೆಯನ್ನು ಕುರಿತು ಒಂದು ಅಭಿಪ್ರಾಯವು ರೂಢಮೂಲವಾಗಿರುವುದುಂಟು: ಚಿನ್ನದ ಮೇಲಣ ಮೀನಾ ಕೆಲಸವೇ ಉತ್ತಮ, ತಾಮ್ರದ ಮೇಲಣದು ಅದರ ಅಗ್ಗದ ಅನುಕರಣ ಎಂಬುದು. ಬೆಲೆಯನ್ನು ಮಾತ್ರ ನೋಡುವುದಾದರೆ ಇದು ನಿಜವೇ ಸರಿ. ಕಲಾದೃಷ್ಟಿಯಿಂದ ಇದು ಎಷ್ಟರಮಟ್ಟಿಗೆ ನಿಲ್ಲತಕ್ಕದ್ದೆಂಬುದನ್ನು ವಿಯೆನ್ನಾ ನಗರದ ಸಮೀಪದ ಕ್ಲೋಸ್ಟರ್‌ನಾಯ್‌ಬುರ್ಗ್ ಮಠದ ಫಲಕಗಳಿಂದ ಪರೀಕ್ಷಿಸಬಹುದಾಗಿದೆ.

ಮೊದಲು ಎರಡು ವಿಧಾನಗಳ ಭೇದವನ್ನು ತಿಳಿಯಬೇಕು. ಬಣ್ಣದ ಗಾಜನ್ನು ಪುಡಿಮಾಡಿ, ಲೋಹದಲ್ಲಿ ತುಂಬಿ, ಬೆಂಕಿಯಲ್ಲಿ ಕರಗಿಸಿ, ಆರಿದ ಮೇಲೆ ಉಜ್ಜಿ ನಯಗೊಳಿಸುವುದು ಎರಡಕ್ಕೂ ಸಮಾನ. 12ನೆಯ ಶತಮಾನದ ಆದಿಭಾಗದಲ್ಲಿ ಥಿಯೊಫಿಲಸನೆಂಬ ಸಂನ್ಯಾಸಿಯು ಲ್ಯಾಟಿನ್ ಭಾಷೆಯಲ್ಲಿ ರಚಿಸಿದ ಶಿಲ್ಪಗ್ರಂಥದ ಮೂರನೆಯ ಭಾಗದಲ್ಲಿ ಚಿನ್ನದ ವಿಧಾನವು ಸವಿಸ್ತರವಾಗಿ ಉಕ್ತವಾಗಿದೆ: ತೆಳುವಾದ ಚಿನ್ನದ ಪಟ್ಟಿಗಳನ್ನು ಇಕ್ಕುಳದಿಂದ ಬಾಗಿಸಿ, ಹಿಟ್ಟಿನ ಅಂಟಿನಿಂದ ನಿಲ್ಲಿಸಿ, ಬೆಸೆದು, ಹೀಗಾದ ಮನೆಗಳಲ್ಲಿ ಗಾಜನ್ನು ತುಂಬತಕ್ಕದ್ದು. ತಾಮ್ರದ ವಿಧಾನದಲ್ಲಾದರೋ ಪಟ್ಟಿಗಳಿಲ್ಲ. ದಪ್ಪವಾದ ಫಲಕವನ್ನೇ ಉಳಿಯಿಂದ ತೋಡಿ, ಕುಳಿಗಳಲ್ಲಿ ಗಾಜನ್ನು ತುಂಬಿ, ಮಿಕ್ಕ ಲೋಹಕ್ಕೆ ಚಿನ್ನದ ಲೇಪವನ್ನು ಕೊಡುವರು.

ಗಾಜಿನ ವಿಷಯದಲ್ಲಿಯೂ ತಾಮ್ರದ ಕೆಲಸವು ಕೀಳೆನ್ನುವಂತಿಲ್ಲ. ಪುರಾತನ ಕಟ್ಟಡಗಳ ಚಿತ್ರಖಚಿತ ಗಾಜಿನ ತುಂಡುಗಳು ಚಿನ್ನ, ಬೆಳ್ಳಿ, ತಾಮ್ರಗಳ ಮೀನಾ ಕೆಲಸಕ್ಕೆ ಬಳಕೆಯಾಗುತ್ತಿದ್ದುವೆಂದು ಥಿಯೊಫಿಲಸನೇ ಹೇಳಿದ್ದಾನೆ. 12ನೆಯ ಶತಮಾನದ ಅನೇಕ ತಾಮ್ರಫಲಕಗಳ ಗಾಜು ರೋಮನರ ಕಾಲದ ಗಾಜಿನ ರಚನೆಯನ್ನೇ ಹೋಲುತ್ತದೆಂದು ಈಚಿನ ರಾಸಾಯನಿಕ ಪರೀಕ್ಷೆಗಳು ತೋರಿಸಿ, ಈ ಮಾತನ್ನು ಸಮರ್ಥಿಸಿವೆ.

ಇನ್ನು ಪ್ರಕೃತ ಫಲಕಗಳು. ವರ್ದೂನಿನ ನಿಕೊಲಾಸನು ಇವನ್ನು 1181ರಲ್ಲಿ ಪೂರ್ಣಗೊಳಿಸಿದನು. ಆಗ ಇವು ಪ್ರವಚನಪೀಠದ ಹೊದಿಕೆಯಾಗಿದ್ದುವು. 1330ರ ಅಗ್ನಿಪ್ರಮಾದದ ತರುವಾಯ, 1331ರಲ್ಲಿ, ಆರು ಹೊಸ ಫಲಕಗಳನ್ನು ಸೇರಿಸಿ ಪೂಜಾವೇದಿಯ ಹಿನ್ನೆಲೆಯಾಗಿ ಮಾರ್ಪಡಿಸಲಾಯಿತು. ಈಗ ಒಟ್ಟು 51 ಫಲಕಗಳು ಮೂರು ಸಾಲುಗಳಲ್ಲಿವೆ. ನಡುವಣ ಸಾಲಿನಲ್ಲಿ ಕ್ರಿಸ್ತನ ಚರಿತ್ರೆ. ಮೇಲೆ ಮೋಸೆಯ ಧರ್ಮಶಾಸನಕ್ಕೆ ಹಿಂದಿನ, ಕೆಳಗೆ ಆ ಶಾಸನಕಾಲದ ಕಥೆಗಳು. ಕ್ರಿಸ್ತನ ಸಮಾಧಿಯ ಮೇಲೆ ಬಾವಿಗೆ ಬಿದ್ದ ಜೋಸೆಫನೂ ಕೆಳಗೆ ಮತ್ಸ್ಯದ ಬಾಯಿಗೆ ಬಿದ್ದ ಯೋನನೂ ಇರುವರು.

ವೆನಿಸ್ಸಿನ ಸಂತ ಮಾರ್ಕನ ದೇವಾಲಯದ ಸ್ವರ್ಣಫಲಕದಲ್ಲಿರುವ ಬಿಜಾಂಟಿಯಮ್ಮಿನ ಕೆಲಸವನ್ನು ಇದರೊಡನೆ ಹೋಲಿಸಿ ನೋಡಬೇಕು. ಅಲ್ಲಿ ಬಯಲು ಚಿನ್ನ, ಆಕೃತಿ ಗಾಜು. ಇಲ್ಲಿ ಬಯಲು ನೀಲಿಯ ಗಾಜು, ಆಕೃತಿ ಚಿನ್ನದ ಲೇಪವುಳ್ಳ ಲೋಹ. ಈ ವಿಪರ್ಯಾಸವು ನಿಕೊಲಾಸನೊಬ್ಬನ ಕಲ್ಪನೆಯಲ್ಲ. ಮ್ಯೂಸ್ ಮತ್ತು ರೈನ್ ನದಿಗಳ ಪ್ರಾಂತದ ಅಕ್ಕಸಾಲೆಗಳು ಇದನ್ನು ಮೊದಲೇ ಬಲ್ಲವರಾಗಿದ್ದರು. ಆದರೆ ಇದರಲ್ಲಡಗಿದ್ದ ಶಕ್ತಿಯನ್ನು ಪೂರ್ಣವಾಗಿ ಹೊರತೆಗೆದವನು ಆತನೇ. ಚಿನ್ನದ ಪಟ್ಟಿಯಿಂದಾದ ಗೆರೆಗೆ ಮೊದಲಿಂದ ಕೊನೆಯವರೆಗೂ ಒಂದೇ ದಪ್ಪ. ಅದು ಬಣ್ಣಗಳನ್ನು ಬೇರ್ಪಡಿಸಬಲ್ಲುದು, ಮೈಯ ತಿರುವನ್ನು ಹೇಳಲಾರದು. ಉಳಿಯ ಗೆರೆಯಾದರೋ ಕೈಯ ಒತ್ತಡಕ್ಕೆ ತಕ್ಕಂತೆ ಉಬ್ಬಿ ಕೃಶವಾಗುವುದು. ಆದುದರಿಂದಲೇ ನಿಕೊಲಾಸನ ಆಕೃತಿಗಳ ವಸ್ತ್ರಗಳು ಮೈಗಂಟಿಕೊಂಡು, ಆಳವಾದ ಮಡಿಕೆಗಳಾಗಿ ಹರಿದು, ಒಳಗಿನ ಚಲನೆಯನ್ನು ಸೂಚಿಸುತ್ತವೆ. ಹೀಗೆ ತೋಡಲು ದಪ್ಪನಾದ ಲೋಹ ಬೇಕು. ತಾಮ್ರವು ಅಗ್ಗವಾಗಿದ್ದುದೇ ಅದಕ್ಕೆ ಅವಕಾಶವಿತ್ತಿತು. ಅನುಕರಣವೆಂದು ಕರೆಯಿಸಿಕೊಂಡ ವಿಧಾನವು ಮೂಲಕ್ಕೆ ಸಾಧ್ಯವಾಗದ ಕಾರ್ಯವನ್ನು ಸಾಧಿಸಿತು.

ನಷ್ಟವೂ ಇಲ್ಲದಿಲ್ಲ. ಬಿಜಾಂಟಿಯಮ್ಮಿನ ಕೆಲಸದ ವರ್ಣವೈಭವವು ಇಲ್ಲಿ ಬಹುಮಟ್ಟಿಗೆ ನೀಲಿಗೆ ಸಂಕುಚಿತವಾಗಿದೆ. ರತ್ನದಂತೆ ಹೊಳೆಯುವ ಮುಖ, ಉಡುಪುಗಳನ್ನು ಬಯಸುವವನಿಗೆ ಇವು ಬಡವಾಗಿ ತೋರಬಹುದು. ಇದಲ್ಲದೆ, ಈಗಿನ ಜೋಡಣೆಯು 1331ರದಾದುದರಿಂದ, ಸಮಗ್ರರಚನೆಯ ಗುಣದೋಷಗಳನ್ನೆಲ್ಲ ನಿಕೊಲಾಸನ ಮೇಲೆ ಹೊರಿಸುವುದು ನ್ಯಾಯವಲ್ಲ. ಆದರೆ ಬಿಡಿ ಫಲಕಗಳ ಮಟ್ಟಿಗೆ ತೀರ್ಮಾನವು ಸ್ಪಷ್ಟ. ದ್ರವ್ಯದ ಬೆಲೆಯಿಂದ ಕಲೆಯ ತಾರತಮ್ಯವನ್ನು ನಿರ್ಣಯಿಸುವ ಪದ್ಧತಿಯು ಉಗ್ರಾಣದ ಲೆಕ್ಕಕ್ಕೆ ತಕ್ಕುದೇ ಹೊರತು ವಿಮರ್ಶೆಗೆ ತಕ್ಕುದಲ್ಲ.